ಚಳಿಗಾಲದಲ್ಲೂ ದಿನಾ ಹಳೇ ಕಾರು ಓಡಿಸೋರಿಗೆ: ಇಂಗ್ಲೆಂಡಿನ ಉಪ್ಪು ರಸ್ತೆಗಳಲ್ಲಿ ಮಾರಿಸ್ ಮೈನರ್ ಉಳಿಸ್ಕೊಳ್ಳೋ ಸಮಗ್ರ ಮಾರ್ಗದರ್ಶಿ

ಇಂಗ್ಲೆಂಡಲ್ಲಿ ಹಳೇ ಕಾರು ಸಾಕ್ಕೊಂಡಿರೋರಲ್ಲಿ ಬಹಳಷ್ಟು ಜನ ಅಕ್ಟೋಬರ್ ಮುಗೀತಿದ್ದ ಹಾಗೆ ಗಾಡಿಗೆ ಹೊದಿಕೆ ಹಾಕಿ ಗ್ಯಾರೇಜಿಗೆ ತಳ್ಳಿಬಿಡ್ತಾರೆ, ಆಮೇಲೆ ಏಪ್ರಿಲ್ ತನಕ ಆ ಕಡೆ ತಿರುಗಿ ನೋಡಲ್ಲ. ಅದರಲ್ಲಿ ತಪ್ಪೇನಿಲ್ಲ. ಆದ್ರೆ ಮನೇಲಿ ಇರೋದೇ ಅದೊಂದು ಕಾರು, ಇಲ್ಲಾ ಕಾರು ಅಂದ್ಮೇಲೆ ಓಡಬೇಕು ಅನ್ನೋ ಜಾತಿಯವರು ನೀವು ಅಂತಾದ್ರೆ ಇದು ನಿಮಗೆ. ಉದಾಹರಣೆಗೆ ಮಾರಿಸ್ ಮೈನರ್ 1000 ಅನ್ನೋ ಹಳೇ ಬ್ರಿಟಿಷ್ ಸಣ್ಣ ಕಾರು ತಗೊಂಡಿದೀನಿ. ಒಂದು, ಇದರ ಬಿಡಿಭಾಗ ಇವತ್ತಿಗೂ ಹೊಸದಾಗಿ ಸಿಗತ್ತೆ. ಎರಡು, ನಮ್ಮವರಿಗೆ ಇದೇನು ಹೊಸಬ ಅಲ್ಲ, 1950ರ ದಶಕದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಇದನ್ನೇ ಬೇಬಿ ಹಿಂದೂಸ್ತಾನ್ ಅಂತ ಮಾರಿತ್ತು, ಇದರ ದೊಡ್ಡಣ್ಣ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ನಮ್ಮಲ್ಲಿಗೆ ಬಂದು ಅಂಬಾಸಿಡರ್ ಆಯ್ತು. ಅಂಬಾಸಿಡರ್ ಬಾನೆಟ್ ಒಳಗೆ ಒಮ್ಮೆ ಕೈ ಕಪ್ಪು ಮಾಡ್ಕೊಂಡೋರಿಗೆ ಮೈನರ್ ನೋಡಿದ್ರೆ ಗಾಬರಿ ಆಗಲ್ಲ.

ಶುರು ಮಾಡೋಕೆ ಮುಂಚೆ ಒಂದು ವಿಷಯ ತಲೇಲಿ ಕೂತ್ಕೊಳ್ಳಲಿ. ಬರೀ ಚಳಿ ಈ ಕಾರನ್ನ ಕೊಲ್ಲಲ್ಲ. 1948ರಲ್ಲಿ ಮಾರುಕಟ್ಟೆಗೆ ಬಂದ ಇದನ್ನ ಅಲೆಕ್ ಇಸಿಗೋನಿಸ್ ಡಿಸೈನ್ ಮಾಡಿದ್ದೇ ಇಲ್ಲಿನ ಜನ ವರ್ಷಪೂರ್ತಿ ಓಡಿಸಲಿ ಅಂತ. ದಿನಾ ಓಡೋ ಕಾರಿನ ಬ್ರೇಕು, ರಬ್ಬರ್ ಸೀಲು ಎಲ್ಲ ನಿಂತಿರೋ ಕಾರಿಗಿಂತ ಚೆನ್ನಾಗೇ ಇರತ್ತೆ. ಕೊಲ್ಲೋದು ಉಪ್ಪು. ರಾತ್ರಿ ಮಂಜುಗಟ್ಟೋ ಸೂಚನೆ ಸಿಕ್ಕಿದ ತಕ್ಷಣ ಕೌನ್ಸಿಲ್ (ಸ್ಥಳೀಯ ಆಡಳಿತ) ಲಾರಿಗಳು ರಸ್ತೆಗೆ ಕಲ್ಲುಪ್ಪು ಎರಚ್ತಾವೆ, ಅದರಲ್ಲಿ ಎಷ್ಟೋ ಪಾಲು ಚೆಷೈರಿನ ವಿನ್ಸ್‌ಫರ್ಡ್ ಗಣಿಯದ್ದು, 1844ರಲ್ಲಿ ಶುರುವಾದ ಗಣಿ ಅದು. ಉಪ್ಪುನೀರಲ್ಲಿ ವಿದ್ಯುತ್ ಸಲೀಸಾಗಿ ಹರಿಯತ್ತೆ, ಅದಕ್ಕೇ ತುಕ್ಕು ಹಿಡಿಯೋ ಕ್ರಿಯೆ ಜೋರಾಗತ್ತೆ, ಸಾಲದ್ದಕ್ಕೆ ಉಪ್ಪು ಗಾಳೀಲಿರೋ ತೇವಾನ ಎಳ್ಕೊಂಡು ರಸ್ತೆ ಒಣಗಿದ್ರೂ ಕಾರಿನ ಹೊಟ್ಟೆ ಒಣಗೋಕೆ ಬಿಡಲ್ಲ. ಹಾಗಾಗಿ ನಿಮ್ಮ ದುಡ್ಡು, ಟೈಮು, ಬೆನ್ನುನೋವು ಎಲ್ಲದರ ಮುಕ್ಕಾಲು ಪಾಲು ಕಾರಿನ ಕೆಳಭಾಗಕ್ಕೇ ಹೋಗ್ಬೇಕು.

ಮೊದಲು ಕಾಗದಪತ್ರ

ಇದನ್ನ ಬೇಗ ಮುಗಿಸೋಣ. 40 ವರ್ಷ ದಾಟಿದ ಕಾರನ್ನ ಹಿಸ್ಟಾರಿಕ್ ವರ್ಗಕ್ಕೆ ಹಾಕಿಸಿದ್ರೆ ರೋಡ್ ಟ್ಯಾಕ್ಸ್ ಸೊನ್ನೆ, ಆದ್ರೂ ವರ್ಷವರ್ಷ ಅರ್ಜಿ ಹಾಕೋದು ತಪ್ಪಲ್ಲ. ಹೊಗೆ ಜಾಸ್ತಿ ಬಿಡೋ ಗಾಡಿಗಳಿಗೆ ಲಂಡನ್ನಲ್ಲಿ ಹಾಕೋ ಯೂಲೆಜ್ ಶುಲ್ಕವೂ ಆ ವರ್ಗಕ್ಕಿಲ್ಲ. ನಮ್ಮೂರಿನ ಎಫ್‌ಸಿ ಥರ ಇಲ್ಲಿ ಇರೋ ಎಂಒಟಿ ಪರೀಕ್ಷೆಯಿಂದಲೂ, ದೊಡ್ಡ ಬದಲಾವಣೆ ಏನೂ ಮಾಡಿಲ್ಲ ಅಂದ್ರೆ, ಮೇ 2018ರಿಂದ ವಿನಾಯಿತಿ ಇದೆ. ಇದೆ ಅಂತ ಬಿಡಬೇಡಿ ಮಾರಾಯ್ರೆ. ಸೆಪ್ಟೆಂಬರಲ್ಲಿ ಸ್ವಂತ ಇಷ್ಟದಿಂದ ಎಂಒಟಿ ಮಾಡಿಸಿ, ಗಾಡಿನ ಮೇಲಕ್ಕೆತ್ತಿ ಬೇರೆಯವರ ಕಣ್ಣಲ್ಲಿ ನೋಡಿಸೋಕೆ ಇದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ.

ಇನ್ಶೂರೆನ್ಸ್ ಮಾತ್ರ ಕಣ್ಣಿಟ್ಟು ಓದಿ. ಕ್ಲಾಸಿಕ್ ಕಾರ್ ಪಾಲಿಸಿ ಅಗ್ಗ ಯಾಕೆ ಅಂದ್ರೆ ಎಷ್ಟೋ ಪಾಲಿಸಿಗಳಲ್ಲಿ ವರ್ಷಕ್ಕೆ ಇಷ್ಟೇ ಮೈಲಿ, ಆಫೀಸಿಗೆ ಹೋಗಿಬರೋಕೆ ಇಲ್ಲ, ದಿನಬಳಕೆಗೆ ಇನ್ನೊಂದು ಕಾರು ಇರ್ಲೇಬೇಕು ಅನ್ನೋ ಷರತ್ತು ಇರತ್ತೆ. ಫೋನ್ ಮಾಡಿ, ದಿನಾ ಓಡಿಸ್ತೀನಿ ಅಂತ ಬಾಯ್ಬಿಟ್ಟು ಹೇಳಿ, ಬರವಣಿಗೇಲಿ ತಗೊಳ್ಳಿ.

ಸೆಪ್ಟೆಂಬರ್: ಕಾರಿನ ಹೊಟ್ಟೆ

ಮೈನರ್‌ಗೆ ಬೇರೆ ಚಾಸಿಸ್ ಇಲ್ಲ, ಬಾಡಿನೇ ಎಲ್ಲಾ ಭಾರ ಹೊರೋದು. ಹಾಗಾಗಿ ಇಲ್ಲಿ ತುಕ್ಕು ಅಂದ್ರೆ ಬರೀ ಅಂದದ ಪ್ರಶ್ನೆ ಅಲ್ಲ. ನೋಡ್ಬೇಕಾದ ಜಾಗಗಳು: ಬಾಗಿಲ ಕೆಳಗಿನ ಸಿಲ್ ಮತ್ತು ಅದರ ಒಳಗಿನ ಪೆಟ್ಟಿಗೆ, ಮುಂದಿನ ಸೀಟಿನ ಕೆಳಗೆ ಅಡ್ಡ ಹೋಗೋ ಕ್ರಾಸ್‌ಮೆಂಬರಿನ ತುದಿಗಳು, ಹಿಂದಿನ ಲೀಫ್ ಸ್ಪ್ರಿಂಗ್ ಹಿಡ್ಕೊಂಡಿರೋ ಹ್ಯಾಂಗರ್‌ಗಳು, ಜ್ಯಾಕ್ ಕೊಡೋ ಜಾಗ, ಚಾಸಿಸ್ ಲೆಗ್ ಅಂತ ಕರೆಯೋ ಮುಂದಿನ ತೊಲೆಗಳು, ಫ್ಲೋರ್‌ನ ಅಂಚು. ಸ್ಕ್ರೂಡ್ರೈವರ್ ತಗೊಂಡು ಒತ್ತಿ ನೋಡಿ. ಒಳಗೆ ಹೋಯ್ತು ಅಂದ್ರೆ ತುಕ್ಕು ತಡೆಯೋಕೆ ಬಳಿಯೋ ವ್ಯಾಕ್ಸ್ ವಿಷಯ ಮರೀರಿ, ಮೊದಲು ಕತ್ತರಿಸಿ ಹೊಸ ತಗಡು ವೆಲ್ಡ್ ಆಗ್ಬೇಕು. ಪುಟ್ಟಿ ತುಂಬಿ ಟಿಂಕರಿಂಗ್ ಮಾಡಿ ಮುಚ್ಚಿದ್ರೆ ಒಂದು ಚಳಿಗಾಲನೂ ತಡೆಯಲ್ಲ. ಟ್ರಾವೆಲರ್ ಮಾಡೆಲ್ ಇದ್ರೆ ಹಿಂದಿನ ಮರದ ಚೌಕಟ್ಟನ್ನೂ ಹೀಗೇ ಒತ್ತಿ ನೋಡಿ, ಅದು ಅಲಂಕಾರಕ್ಕೆ ಅಂಟಿಸಿದ್ದಲ್ಲ, ನಿಜವಾದ ಆಶ್ ಮರ, ಬಾಡಿಯ ಭಾರ ಅದರ ಮೇಲೂ ಇದೆ.

ಗಟ್ಟಿ ಇದೆ ಅಂತ ಖಾತ್ರಿ ಆದ್ಮೇಲೆ ಪ್ರೆಶರ್ ವಾಶ್ ಮಾಡಿ, ವೀಲ್ ಆರ್ಚ್ (ಚಕ್ರದ ಮೇಲಿನ ಕಮಾನು) ಒಳಗಿನ ಹಳೇ ಮಣ್ಣು ಗೋರಿ ತೆಗೀರಿ, ಆಮೇಲೆ ಒಣಗೋಕೆ ಬಿಡಿ. ಸರಿಯಾಗಿ ಒಣಗೋಕೆ ಕೆಲವು ದಿನನೇ ಬೇಕು, ಸೆಪ್ಟೆಂಬರಲ್ಲೇ ಮಾಡಿ ಅಂತ ಬಡ್ಕೊಳ್ಳೋದು ಅದಕ್ಕೇ, ನವೆಂಬರ್ ಬಂದ್ರೆ ಈ ದೇಶದಲ್ಲಿ ಯಾವುದೂ ಒಣಗಲ್ಲ. ಬಾಗಿಲ ಕೆಳಗೆ, ಸಿಲ್ ಕೆಳಗೆ ನೀರು ಹೋಗೋಕೆ ಬಿಟ್ಟಿರೋ ತೂತುಗಳನ್ನ ತಂತಿ ಹಾಕಿ ಬಿಡಿಸಿ.

ಈಗ ವ್ಯಾಕ್ಸು. ವ್ಯಾಕ್ಸಾಯಿಲ್, ಡಿನಿಟ್ರಾಲ್, ಬಿಲ್ಟ್ ಹ್ಯಾಂಬರ್, ಹೀಗೆ ತುಂಬಾ ಕಂಪನಿ ಇದೆ, ಯಾವುದು ಬೆಸ್ಟ್ ಅಂತ ಜನ ಗಂಟೆಗಟ್ಲೆ ಜಗಳ ಆಡ್ತಾರೆ, ನನ್ನ ಕೇಳಿದ್ರೆ ಡಬ್ಬಿ ಮೇಲಿನ ಹೆಸರಿಗಿಂತ ಎಲ್ಲಿಗೆ ಹೋಗಿ ತಲುಪ್ತು ಅನ್ನೋದು ಮುಖ್ಯ. ಎರಡು ಥರ ಬೇಕು: ಪೆಟ್ಟಿಗೆ ಥರದ ಜಾಗಗಳ ಒಳಗೆ ಉದ್ದ ನಳಿಗೆಯಿಂದ ಸ್ಪ್ರೇ ಮಾಡೋ ತೆಳು ವ್ಯಾಕ್ಸ್, ಹೊರಗಡೆ ತಳಕ್ಕೆ ಬಳಿಯೋ ದಪ್ಪ ವ್ಯಾಕ್ಸ್. ಗಟ್ಟಿಯಾಗಿದ್ರೆ ಡಬ್ಬಿನ ಬಿಸಿನೀರಿನ ಬಕೆಟ್ಟಲ್ಲಿ ಇಟ್ಟು ಕರಗಿಸಿ. ಸಿಲ್ ಒಳಗೆ ಸ್ಪ್ರೇ ಮಾಡಿದಾಗ ಕೆಳಗಿನ ತೂತಿಂದ ತೊಟ್ಟಿಕ್ಕಬೇಕು, ತೊಟ್ಟಿಕ್ಕಿಲ್ಲ ಅಂದ್ರೆ ಒಳಗೆ ಸೇರಿಲ್ಲ. ಮಾರನೇ ದಿನ ಆ ತೂತು ವ್ಯಾಕ್ಸಿಂದ ಮುಚ್ಚಿಹೋಗಿದ್ಯಾ ನೋಡಿ ಮತ್ತೆ ಬಿಡಿಸಿ. ಬ್ರೇಕ್ ಡ್ರಮ್ಮು, ಎಕ್ಸಾಸ್ಟ್ ಪೈಪ್ ಮೇಲೆ ಬೀಳದ ಹಾಗೆ ಮುಚ್ಕೊಳ್ಳಿ.

ತಳಕ್ಕೆ ಬಳಿಯೋ ಕಪ್ಪು ಟಾರಿನ ಲೇಪ, ಅಂದ್ರೆ ಅಂಡರ್‌ಸೀಲ್, ಹಾಕ್ಬೇಡಿ. ತುಕ್ಕಿನ ಮೇಲೆ ಅದನ್ನ ಬಳಿಯೋದು ಒದ್ದೆ ಗೋಡೆಗೆ ಸುಣ್ಣ ಹೊಡೆದ ಹಾಗೆ. ವರ್ಷಗಳು ಹೋದ ಹಾಗೆ ಗಟ್ಟಿಯಾಗಿ ಬಿರುಕು ಬಿಡತ್ತೆ, ಬಿರುಕಲ್ಲಿ ಉಪ್ಪುನೀರು ಸೇರತ್ತೆ, ಹೊರಗಿಂದ ನೋಡಿದ್ರೆ ಕಪ್ಪಗೆ ನೀಟಾಗಿರತ್ತೆ, ಒಳಗೆ ತಗಡೇ ಇರಲ್ಲ. ಹಳೇ ಅಂಡರ್‌ಸೀಲ್ ಇರೋ ಗಾಡಿ ತಗೊಂಡಿದ್ರೆ ಸಡಿಲ ಇರೋ ಕಡೆ ಕೆರೆದು ತೆಗೆಯೋದು ಒಳ್ಳೇದು. (ಈ ವ್ಯಾಕ್ಸ್ ಪುರಾಣ ಮಂಗಳೂರು, ಕಾರವಾರದ ಕಡೆ ಹಳೇ ಪದ್ಮಿನಿ, ಅಂಬಾಸಿಡರ್ ಇಟ್ಕೊಂಡಿರೋರಿಗೂ ಹೊಂದತ್ತೆ. ಅಲ್ಲಿ ಉಪ್ಪು ರಸ್ತೆಗೆ ಬದಲು ಗಾಳೀಲಿ ಬರತ್ತೆ ಅಷ್ಟೇ.)

ಗ್ರೀಸ್ ಗನ್ ಮತ್ತು ಬ್ರೇಕು

ಮೈನರ್‌ನಲ್ಲಿ ಪ್ರಾಣಕ್ಕೆ ಕುತ್ತು ತರೋ ಒಂದು ಭಾಗ ಇದೆ, ಮುಂದಿನ ಸಸ್ಪೆನ್ಶನ್ನಿನ ಟ್ರನಿಯನ್. ಥ್ರೆಡ್ ಇರೋ ಒಂದು ಜಾಯಿಂಟ್, ಚಕ್ರ ತಿರುಗೋದು ಅದರ ಮೇಲೆ. ಗ್ರೀಸ್ ಇಲ್ಲದೆ ಥ್ರೆಡ್ ಸವೆದುಹೋದ್ರೆ ಜಾಯಿಂಟ್ ಕಳಚಿಕೊಂಡು ಚಕ್ರ ಮಡಚಿ ಗಾಡಿಯ ಮೂತಿ ರಸ್ತೆಗೆ ಕೂತ್ಕೊಳ್ಳತ್ತೆ. ಬೇಸಿಗೇಲಿ ಸಾವಿರ ಮೈಲಿಗೊಮ್ಮೆ ಗ್ರೀಸ್ ಹೊಡೀತಿದ್ರೆ ಚಳಿಗಾಲದಲ್ಲಿ ಮೈಲಿ ಲೆಕ್ಕ ಬಿಟ್ಟು ತಿಂಗಳಿಗೊಮ್ಮೆ ಹೊಡೀರಿ. ಜ್ಯಾಕ್ ಕೊಟ್ಟು ಚಕ್ರದ ಭಾರ ಇಳಿಸಿ ಹೊಡೆದ್ರೆ ಗ್ರೀಸ್ ಚೆನ್ನಾಗಿ ಒಳಗೆ ಹೋಗತ್ತೆ, ಹಳೇ ಕಪ್ಪು ಗ್ರೀಸ್ ಹೊರಗೆ ಬಂದು ಹೊಸದು ಕಾಣೋ ತನಕ ನಿಲ್ಲಿಸ್ಬೇಡಿ. ಹೊರಗೆ ಬರೋ ಗ್ರೀಸೇ ನೀರು, ಉಪ್ಪು ಎರಡನ್ನೂ ತಳ್ಕೊಂಡು ಬರತ್ತೆ. ಒಂದು ಕಡೆ ನಿಪ್ಪಲ್ (ಗ್ರೀಸ್ ಗನ್ ಹಿಡಿಸೋ ಬಾಯಿ) ಗ್ರೀಸ್ ತಗೊಳ್ತಿಲ್ಲ ಅಂದ್ರೆ ಆಮೇಲೆ ನೋಡೋಣ ಅಂತ ಮುಂದೂಡಬೇಡಿ, ಅವತ್ತೇ ನಿಪ್ಪಲ್ ಬಿಚ್ಚಿ ಕ್ಲೀನ್ ಮಾಡಿ ಇಲ್ಲಾ ಬದಲಾಯಿಸಿ.

ಬ್ರೇಕ್ ನಾಲ್ಕೂ ಡ್ರಮ್ಮು, ಕಾಲಿನ ಒತ್ತಡಕ್ಕೆ ಬಲ ಕೂಡಿಸೋ ಸರ್ವೋ ಇಲ್ಲ, ಒಂದೇ ಸರ್ಕ್ಯೂಟು. ಎಲ್ಲಾದ್ರೂ ಒಂದು ಕಡೆ ಪೈಪ್ ಹೋದ್ರೆ ನಾಲ್ಕೂ ಚಕ್ರದ ಬ್ರೇಕ್ ಹೋಯ್ತು ಅಂತ ಅರ್ಥ. ಹಾಗಾಗಿ ಸ್ಟೀಲ್ ಪೈಪ್ ಇದ್ರೆ ತೆಗೆದು ತಾಮ್ರ-ನಿಕ್ಕಲ್ ಪೈಪ್ ಹಾಕಿಸಿ, ಅದಕ್ಕೆ ತುಕ್ಕಿನ ಕಾಟ ಇಲ್ಲ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ರಸ್ತೇಲಿ ನಿಂತ ನೀರು ದಾಟಿದ್ಮೇಲೆ ಡ್ರಮ್ಮಲ್ಲಿ ನೀರಿರತ್ತೆ, ಹಿಂದೆ ಯಾರೂ ಇಲ್ದೇ ಇರೋವಾಗ ಕಾಲನ್ನ ಬ್ರೇಕ್ ಮೇಲೆ ಮೆಲ್ಲಗೆ ಇಟ್ಕೊಂಡೇ ಸ್ವಲ್ಪ ದೂರ ಹೋದ್ರೆ ಒಣಗತ್ತೆ. ಮಂಜುಗಟ್ಟೋ ರಾತ್ರಿ ಹ್ಯಾಂಡ್‌ಬ್ರೇಕ್ ಎಳೀಬೇಡಿ, ಒದ್ದೆ ಲೈನಿಂಗ್ ಡ್ರಮ್ಮಿಗೆ ಅಂಟ್ಕೊಂಡು ಬೆಳಗ್ಗೆ ಗಾಡಿ ಕದಲಲ್ಲ. ಸಮತಟ್ಟು ಜಾಗದಲ್ಲಿ ಗೇರಲ್ಲಿ ನಿಲ್ಲಿಸಿ ಚಕ್ರಕ್ಕೊಂದು ಅಡ್ಡಗಟ್ಟೆ ಕೊಡಿ.

ನೀರು, ಎಣ್ಣೆ

ನೀರು ಗಟ್ಟಿಯಾದಾಗ ಸುಮಾರು ಶೇ. 9ರಷ್ಟು ಹಿಗ್ಗತ್ತೆ, ಆ ಒತ್ತಡಕ್ಕೆ ಎಂಜಿನ್ ಬ್ಲಾಕೇ ಸೀಳಬಹುದು. ನೀಲಿ ಬಣ್ಣದ ಹಳೇ ಥರದ ಎಥಿಲೀನ್ ಗ್ಲೈಕಾಲ್ ಆ್ಯಂಟಿಫ್ರೀಜ್ (ನೀರು ಗಟ್ಟಿಯಾಗದ ಹಾಗೆ ತಡೆಯೋ ದ್ರವ) ರೇಡಿಯೇಟರ್ ನೀರಿಗೆ ಅರ್ಧಕ್ಕರ್ಧ ಬೆರೆಸಿದ್ರೆ -35 ಡಿಗ್ರಿ ತನಕ ಚಿಂತೆ ಇಲ್ಲ. ಹೊಸ ಕಾರುಗಳಿಗೆ ಬರೋ ಕೇಸರಿ, ಪಿಂಕ್ ಬಣ್ಣದ ದೀರ್ಘಬಾಳಿಕೆಯದ್ದು ಬೇಡ, ಹಳೇ ರೇಡಿಯೇಟರಿನ ಬೆಸುಗೆಗೂ ಹಳೇ ಸೀಲುಗಳಿಗೂ ಅದು ಹೊಂದಲ್ಲ. ಎರಡು ವರ್ಷಕ್ಕೊಮ್ಮೆ ಖಾಲಿ ಮಾಡಿ ಹೊಸದು ತುಂಬಿ. ಹೀಟರ್ ಬೆಚ್ಚಗೆ ಬೇಕು ಅಂದ್ರೆ ಎಂಜಿನ್ ನೀರಿನ ಬಿಸಿ ಕಾಯೋ 82 ಡಿಗ್ರಿ ಥರ್ಮೋಸ್ಟಾಟ್ ತೆಗೆದು 88ರದ್ದು ಹಾಕಿ, ಒಂದು ಗಂಟೆ ಕೆಲಸ, ಅಷ್ಟು ಕಡಿಮೆ ದುಡ್ಡಿಗೆ ಅಷ್ಟು ಸುಖ ಬೇರೆ ಯಾವ ಪಾರ್ಟೂ ಕೊಡಲ್ಲ. ರೇಡಿಯೇಟರ್ ಮುಂದೆ ರಟ್ಟು ಕಟ್ಟೋ ಹಳೇ ಪದ್ಧತಿಯೂ ಕೆಲಸ ಮಾಡತ್ತೆ, ಆದ್ರೆ ಮೈನರ್‌ಗೆ ಕಂಪನಿಯಿಂದ ಟೆಂಪರೇಚರ್ ಮೀಟರ್ ಬರ್ತಿರಲಿಲ್ಲ, ಮೀಟರ್ ಹಾಕಿಸದೆ ರಟ್ಟು ಕಟ್ಟೋಕೆ ಹೋಗ್ಬೇಡಿ.

ಎಂಜಿನ್ ಆಯಿಲ್ 20ಡಬ್ಲ್ಯು-50 ಮಾಮೂಲಿ. ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಬೆಟ್ಟಸೀಮೆ ಕಡೆ ಇದ್ದು ಗಾಡಿ ಬಯಲಲ್ಲೇ ನಿಲ್ಲೋದಾದ್ರೆ ಚಳಿಗಾಲಕ್ಕೆ ಅದಕ್ಕಿಂತ ತೆಳುವಾದ 15ಡಬ್ಲ್ಯು-40 ಹಾಕ್ಕೊಳ್ಳಬಹುದು, ಲಂಡನ್, ಬರ್ಮಿಂಗ್‌ಹ್ಯಾಮ್ ಕಡೆ ಇರೋರಿಗೆ ಅದರ ಅಗತ್ಯ ಕಾಣಲ್ಲ.

ಕರೆಂಟು

ಕಾರು ಚಳೀಲಿ ಸ್ಟಾರ್ಟ್ ಆಗ್ತಿಲ್ಲ ಅನ್ನೋ ದೂರುಗಳಲ್ಲಿ ಬಹುಪಾಲು ಇಲ್ಲಿಂದ ಬರೋದು. ಸ್ವಲ್ಪ ಲೆಕ್ಕ ಮಾಡೋಣ. ಓಡೋವಾಗ ಕರೆಂಟು ಮಾಡೋ ಮೈನರ್‌ನ ಲ್ಯೂಕಸ್ ಕಂಪನಿ ಡೈನಮೋ ಎಷ್ಟು ತಿಪ್ಪರಲಾಗ ಹಾಕಿದ್ರೂ ಕೊಡೋದು 20 ಆಂಪ್ ಆಸುಪಾಸು, ಅದೂ ಗಾಡಿ ಸ್ಪೀಡಲ್ಲಿದ್ದಾಗ. ಐಡಲಿಂಗಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ. ಎರಡು ಹೆಡ್‌ಲೈಟಿಗೆ 8 ಆಂಪ್, ಹಿಂದುಮುಂದಿನ ಸಣ್ಣ ದೀಪಕ್ಕೆ 2, ಇಗ್ನಿಶನ್ನಿಗೆ 3-4, ವೈಪರಿಗೆ 2-3, ಹೀಟರ್ ಫ್ಯಾನಿಗೆ 3-4. ಕೂಡಿಸಿ ನೋಡಿ, ಅಲ್ಲಿಗೇ ಮುಗೀತು, ಬ್ಯಾಟರಿ ಚಾರ್ಜ್ ಆಗೋಕೆ ಏನೂ ಉಳಿಯಲ್ಲ. ಡಿಸೆಂಬರಲ್ಲಿ ಲಂಡನ್ನಲ್ಲೂ ನಾಲ್ಕು ಗಂಟೆಗೆ ಮುಂಚೆನೇ ಸೂರ್ಯ ಮುಳುಗ್ತಾನೆ, ಹೋಗ್ತಾ ಕತ್ತಲು ಬರ್ತಾ ಕತ್ತಲು, ಮೇಲೆ ಮಳೆ, ಟ್ರಾಫಿಕ್ಕು. ವಾರದ ಕೊನೆಗೆ ಬ್ಯಾಟರಿ ಸತ್ತಿರತ್ತೆ, ಹೊಸ ಬ್ಯಾಟರಿ ತಂದು ಹಾಕಿದ್ರೆ ಅದೂ ಸಾಯತ್ತೆ.

ದಾರಿ ಎರಡು. ಒಂದು, ವಾರಕ್ಕೊಂದು ರಾತ್ರಿ ಮನೇಲಿ ಚಾರ್ಜರ್ ಹಾಕೋದು. ಫುಲ್ ಆದ ಬ್ಯಾಟರಿ, ಗಾಡಿ ನಿಂತಿದ್ದಾಗ, 12.6 ವೋಲ್ಟ್ ಮೇಲೆ ತೋರಿಸ್ಬೇಕು. ಎರಡು, ಡೈನಮೋ ತೆಗೆದು ಅದಕ್ಕಿಂತ ಜಾಸ್ತಿ ಕರೆಂಟು ಕೊಡೋ ಆಲ್ಟರ್ನೇಟರ್ ಹಾಕಿಸೋದು. ಹಾಗೇ ಇರಬೇಕು ಅನ್ನೋ ಶುದ್ಧವಾದಿಗಳು ಮೂಗು ಮುರೀತಾರೆ, ಮುರ್ಕೊಳ್ಳಲಿ. ದಿನಾ ಓಡಿಸೋ ಗಾಡಿಗೆ ನಾನು ಮೊದಲು ಹೇಳೋ ಬದಲಾವಣೆ ಇದೇ. ಡೈನಮೋ ಇರೋ ಮೈನರ್ ಸಾಮಾನ್ಯವಾಗಿ ಪಾಸಿಟಿವ್ ಅರ್ತ್, ಅಂದ್ರೆ ಬಾಡಿಗೆ ಸೇರಿರೋದು ಪ್ಲಸ್ಸು, ಆಲ್ಟರ್ನೇಟರ್ ಹಾಕೋವಾಗ ನೆಗೆಟಿವ್ ಅರ್ತ್ ಮಾಡ್ಬೇಕಾಗತ್ತೆ. ಇದು ತಿಳ್ಕೊಂಡಿರದ ಮೆಕ್ಯಾನಿಕ್ ಹತ್ರ ಬಿಡಬೇಡಿ. ಪಾಸಿಟಿವ್ ಅರ್ತ್ ಗಾಡಿಗೆ ಹೊಸ ಕಾರಿಂದ ಜಂಪ್ ಕೊಡ್ಬೇಕಾದ್ರೆ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್, ನೇರ ಬ್ಯಾಟರಿ ತುದಿಗಳಿಗೇ, ಮತ್ತೆ ಎರಡು ಗಾಡಿಯ ಬಾಡಿ, ಬಂಪರ್ ಒಂದಕ್ಕೊಂದು ತಾಗಲೇಬಾರದು.

ಆಮೇಲೆ ಅರ್ತ್ ವೈರುಗಳನ್ನ ಬಿಚ್ಚಿ ಉಜ್ಜಿ ವ್ಯಾಸಲೀನ್ ಹಚ್ಚಿ ಕೂಡಿಸಿ. ಪ್ಲಗ್ಗುಗಳಿಗೆ ಕರೆಂಟು ಹಂಚೋ ಡಿಸ್ಟ್ರಿಬ್ಯೂಟರ್‌ನ ಕ್ಯಾಪಲ್ಲಿ ಕೂದಲೆಳೆ ಬಿರುಕಿದ್ರೂ ಇಬ್ಬನಿ ಬಿದ್ದ ಬೆಳಗ್ಗೆ ಎಂಜಿನ್ ಕೆಮ್ಮತ್ತೆ, ಕ್ಯಾಪು, ಪ್ಲಗ್ ವೈರು, ರೋಟರ್ ಆರ್ಮ್ ಹೊಸದು ಹಾಕಿಬಿಡಿ. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಗ್ಯಾಪ್ 0.015 ಇಂಚು, ಪ್ಲಗ್ ಗ್ಯಾಪ್ 0.025.

ಪೆಟ್ರೋಲು, ಕಾರ್ಬ್ಯುರೇಟರು

ಸೆಪ್ಟೆಂಬರ್ 2021ರಿಂದ ಇಲ್ಲಿನ ಮಾಮೂಲಿ ಪೆಟ್ರೋಲು ಇ10, ಅಂದ್ರೆ ಶೇ. 10ರ ತನಕ ಎಥೆನಾಲ್. ಎಥೆನಾಲ್ ಹಳೇ ರಬ್ಬರ್ ಪೈಪನ್ನ ತಿನ್ನತ್ತೆ, ತೇವ ಬೇರೆ ಎಳ್ಕೊಳ್ಳತ್ತೆ. ದುಬಾರಿಯಾದ್ರೂ ಎಥೆನಾಲ್ ಕಮ್ಮಿ ಇರೋ ಸೂಪರ್ ಇ5 ಹಾಕ್ಸಿ, ಪೈಪುಗಳನ್ನ ಎಥೆನಾಲ್ ತಡ್ಕೊಳ್ಳೋ ಆರ್9 ದರ್ಜೆಯವಕ್ಕೆ ಬದಲಾಯಿಸಿ. ಊರಲ್ಲೂ ಈಗ ಇ20 ಬಂದಿರೋದ್ರಿಂದ ಹಳೇ ಗಾಡಿಯವರಿಗೆ ಪೈಪಿನ ಮಾತು ಅಲ್ಲಿ ಇನ್ನೂ ಜಾಸ್ತಿ ಅನ್ವಯಿಸತ್ತೆ.

ಸೊನ್ನೆಗಿಂತ ಕೊಂಚ ಮೇಲೆ, ತೇವ ಜಾಸ್ತಿ ಇರೋ ದಿನ ಪೆಟ್ರೋಲಿಗೆ ಗಾಳಿ ಬೆರೆಸೋ ಎಸ್‌ಯು ಕಾರ್ಬ್ಯುರೇಟರ್ ಒಳಗೆ ಮಂಜು ಕಟ್ಟಬಹುದು, ಪೆಟ್ರೋಲು ಆವಿಯಾಗೋವಾಗ ಅಲ್ಲಿನ ಶಾಖ ಹೀರ್ಕೊಳ್ಳತ್ತಲ್ಲ ಅದಕ್ಕೆ. ಹೈವೇಲಿ ಹೋಗ್ತಾ ಹೋಗ್ತಾ ಪವರ್ ಕಮ್ಮಿಯಾಗಿ ಗಾಡಿ ನಿಲ್ಲತ್ತೆ, ಬದಿಗೆ ಹಾಕಿ ಹತ್ತು ನಿಮಿಷ ಬಿಟ್ರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗತ್ತೆ, ಮೆಕ್ಯಾನಿಕ್ ಹತ್ರ ಒಯ್ದಾಗ ಸಮಸ್ಯೆನೇ ಇರಲ್ಲ. ಕೆಲವು ಏರ್ ಫಿಲ್ಟರ್ ಡಬ್ಬಿಗಳ ಮೂತಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಡೆ ತಿರುಗಿಸೋ ವ್ಯವಸ್ಥೆ ಇರತ್ತೆ, ಚಳಿಗಾಲಕ್ಕೆ ಹಾಗೆ ತಿರುಗಿಸಿ, ಬಿಸಿಗಾಳಿ ಒಳಗೆ ಹೋದ್ರೆ ಈ ಕಾಟ ಇಲ್ಲ.

ಟೈರು

ಮೈನರ್‌ನ 14 ಇಂಚಿನ ಸಣ್ಣ ಟೈರು ಹಿಮದಲ್ಲಿ ಅಗಲ ಟೈರಿಗಿಂತ ಚೆನ್ನಾಗಿ ಕೊರ್ಕೊಂಡು ಹೋಗತ್ತೆ. ಹಳೇ ಕಾಲದ ಕ್ರಾಸ್‌ಪ್ಲೈ ಟೈರ್ ಇದ್ರೆ ತೆಗೆದು ಈಗಿನ ಥರದ ರೇಡಿಯಲ್ ಹಾಕಿ. ಟೈರಿನ ಗೀರಿನ ಆಳ 1.6 ಮಿ.ಮೀ. ಇದ್ರೆ ಸಾಕು ಅಂತ ಕಾನೂನು ಅನ್ನತ್ತೆ, ಚಳಿಗಾಲಕ್ಕೆ 3ಕ್ಕಿಂತ ಕಮ್ಮಿ ಇರಬಾರದು. ಗೀರು ಎಷ್ಟೇ ಆಳ ಇದ್ರೂ ವಯಸ್ಸಾದ ಟೈರಿನ ರಬ್ಬರು ಕಲ್ಲಾಗಿರತ್ತೆ, ಸ್ಟೆಪ್ನಿಯ ಡೇಟೂ ನೋಡಿ.

ಒಳಗಡೆ

ಹೀಟರ್ ಬಿಸಿ ಬರ್ತಿಲ್ಲ ಅಂತ ಹೀಟರ್ ಬಿಚ್ಚೋಕೆ ಮುಂಚೆ ಬಾನೆಟ್ ಎತ್ತಿ ಸಿಲಿಂಡರ್ ಹೆಡ್ ಮೇಲಿರೋ ಸಣ್ಣ ನಲ್ಲಿ ನೋಡಿ, ಬೇಸಿಗೇಲಿ ಯಾರೋ ತಿರುಗಿಸಿ ಮುಚ್ಚಿರ್ತಾರೆ. ತುಕ್ಕಿಗೆ ಅಂಟ್ಕೊಂಡಿದ್ರೆ ಬಲ ಹಾಕಿ ಮುರೀಬೇಡಿ, ಹೊಸ ನಲ್ಲಿ ಸಿಗತ್ತೆ. ಗಾಜು ಮಬ್ಬಾಗೋದಕ್ಕೆ ಮೂಲ ಕಾರಣ ಒದ್ದೆ ಕಾರ್ಪೆಟ್ಟು. ಅದನ್ನ ಮನೆಯೊಳಗೆ ತಂದು ಒಣಗಿಸಿ, ಬಾಗಿಲ ರಬ್ಬರ್ ಬದಲಾಯಿಸಿ, ಓಡಿಸೋವಾಗ ಒಂದು ಗಾಜು ಬೆರಳಗಲ ಇಳಿಸಿರಿ. ಚಳಿ ಆಗತ್ತೆ, ಹೌದು. ಮಂಕಿ ಟೋಪಿ ಇರೋದು ಯಾಕೆ ಮತ್ತೆ.

ಬೆಳಗ್ಗೆ ಸ್ಟಾರ್ಟ್ ಮಾಡೋದು, ಓಡಿಸೋದು

ಲೈಟು, ಫ್ಯಾನು ಎಲ್ಲ ಆಫ್. ಇಗ್ನಿಶನ್ ಆನ್ ಮಾಡಿ ಎಲೆಕ್ಟ್ರಿಕ್ ಪೆಟ್ರೋಲ್ ಪಂಪಿನ ಟಿಕ್ ಟಿಕ್ ನಿಲ್ಲೋ ತನಕ ಕಾಯಿರಿ. ಟಿಕ್ ಅನ್ನಲೇ ಇಲ್ಲ ಅಂದ್ರೆ ಪಾನಾ ಹಿಡಿಯಿಂದ ಮೆಲ್ಲಗೆ ಒಂದು ತಟ್ಟಿ, ಅದು ನಾಚಿಕೆ ಪಡೋ ವಿಷಯ ಅಲ್ಲ, ಆದ್ರೆ ಅದರ ಪಾಯಿಂಟ್ ಸವೆದಿದೆ ಅಂತ ಅರ್ಥ. ಚೋಕ್ ಪೂರ್ತಿ ಎಳೀರಿ, ಕ್ಲಚ್ ಒತ್ತಿ ಹಿಡೀರಿ, ಇಲ್ಲಾಂದ್ರೆ ಗೇರ್‌ಬಾಕ್ಸಿನ ಗಟ್ಟಿ ಎಣ್ಣೆನೂ ಸೆಲ್ಫ್ ಮೋಟಾರೇ ತಿರುಗಿಸ್ಬೇಕು. ಎಂಜಿನ್ ಹಿಡಿದ್ಮೇಲೆ ಚೋಕ್ ಅರ್ಧ ಒಳಗೆ, ಹೊರಟುಬಿಡಿ, ನಿಂತಲ್ಲೇ ಹದಿನೈದು ನಿಮಿಷ ಬಿಸಿ ಮಾಡೋದು ಬೇಡ, ಚೋಕಿನ ಪೆಟ್ರೋಲು ಸಿಲಿಂಡರ್ ಗೋಡೆಯ ಎಣ್ಣೆ ತೊಳೆದುಬಿಡತ್ತೆ. ರಸ್ತೇಲಿ ಎಂಜಿನ್ ಆನ್ ಇಟ್ಟು ಕಾಫಿ ಕುಡಿಯೋಕೆ ಮನೆಯೊಳಗೆ ಹೋಗೋದು ಇಲ್ಲಿ ಕಾನೂನು ಪ್ರಕಾರವೂ ತಪ್ಪು. ಗಾಜಿಗೆ ಬಿಸಿನೀರು ಸುರೀಬೇಡಿ, ಒಡೆಯತ್ತೆ, ಸ್ಕ್ರೇಪರ್ ತಗೊಂಡು ಎಲ್ಲಾ ಗಾಜನ್ನೂ ಪೂರ್ತಿ ಕೆರೀರಿ. ಬ್ಯಾಟರಿ ಸೋತ್ರೆ ಎಂಜಿನ್ನನ್ನ ಕೈಯಿಂದ ತಿರುಗಿಸೋ ಹ್ಯಾಂಡಲ್ ಇದೆ. ಗೇರ್ ನ್ಯೂಟ್ರಲ್ಲಲ್ಲಿದ್ಯಾ ಮೊದಲು ನೋಡಿ, ಹೆಬ್ಬೆರಳನ್ನ ಬೇರೆ ಬೆರಳುಗಳ ಕಡೆನೇ ಇಟ್ಕೊಳ್ಳಿ, ಕೆಳಗಿಂದ ಮೇಲಕ್ಕೆ ಎಳೀರಿ, ಒತ್ತಬೇಡಿ. ಅಂಬಾಸಿಡರ್ ಕಾಲದ ಡ್ರೈವರುಗಳಿಗೆ ಇದನ್ನ ಹೇಳ್ಕೊಡೋದೇ ಬೇಡ.

ಓಡಿಸೋವಾಗ ಎಬಿಎಸ್ ಇಲ್ಲ, ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ, ಎಂಜಿನ್ ಮುಂದೆ, ತಳ್ಳೋ ಚಕ್ರ ಹಿಂದೆ, ಹಿಂಭಾಗ ಹಗುರ. ಹಿಮದ ಮೇಲೆ ಎರಡನೇ ಗೇರಲ್ಲಿ ಮೆಲ್ಲಗೆ ಹೊರಡಿ. ಇಳಿಜಾರಿಗೆ ಮುಂಚೆನೇ ಗೇರ್ ಇಳಿಸ್ಕೊಳ್ಳಿ, ಯಾಕಂದ್ರೆ ಒಂದನೇ ಗೇರಿಗೆ ಸಿಂಕ್ರೋ (ಓಡೋವಾಗಲೇ ಗೇರ್ ಸಲೀಸಾಗಿ ಬೀಳಿಸೋ ವ್ಯವಸ್ಥೆ) ಇಲ್ಲ, ಅರ್ಧ ಇಳಿಜಾರಲ್ಲಿ ಹಾಕೋಕೆ ಹೋದ್ರೆ ಕರ್ರ್ ಅನ್ನತ್ತೆ ಹೊರತು ಬೀಳಲ್ಲ. ಮುಂದಿನ ಗಾಡಿಗೆ ಮಾಮೂಲಿಗಿಂತ ತುಂಬಾನೇ ಜಾಸ್ತಿ ದೂರ ಬಿಡಿ. ಮಧ್ಯದಲ್ಲಿ ಯಾರಾದ್ರೂ ನುಗ್ತಾರೆ, ನುಗ್ಗಲಿ, ಮತ್ತೆ ಹಿಂದಕ್ಕೆ ಸರೀರಿ. ಉತ್ತರ ಇಂಗ್ಲೆಂಡಿನ ಸ್ನೇಕ್ ಪಾಸ್ ಥರದ ಬೆಟ್ಟದ ರಸ್ತೆ ಹಿಮ ಬಿದ್ದಾಗ ಮುಚ್ತಾರೆ, ಮುಚ್ಚೋಕೆ ಮುಂಚೆ ದಾಟಿಬಿಡೋಣ ಅನ್ನೋ ಐಡಿಯಾ ಈ ಗಾಡೀಲಿ ಬೇಡ.

ವಾರಕ್ಕೊಮ್ಮೆ

ಸೊನ್ನೆಗಿಂತ ಮೇಲಿರೋ ದಿನ ನೋಡ್ಕೊಂಡು ಕೆಳಗಿಂದ ತೊಳೀರಿ. ಮೇಲಿನ ಪೇಂಟ್ ಹೊಳೀದಿದ್ರೂ ನಡೆಯತ್ತೆ. ಬರೀ ತಣ್ಣೀರು, ಮಾಮೂಲಿ ಪೈಪು, ವೀಲ್ ಆರ್ಚ್ ಒಳಗೆ, ಸಿಲ್ ಕೆಳಗೆ, ಸ್ಪ್ರಿಂಗ್ ಹ್ಯಾಂಗರ್ ಸುತ್ತ. ಪ್ರೆಶರ್ ವಾಶರನ್ನ ಈಗ ಹತ್ರ ಹಿಡಿದ್ರೆ ಸೆಪ್ಟೆಂಬರಲ್ಲಿ ಹಾಕಿದ ವ್ಯಾಕ್ಸೇ ಕಿತ್ಕೊಂಡು ಬರತ್ತೆ. ತೊಳೆದ ಗಾಡಿನ ಬಿಸಿ ಮಾಡಿದ ಗ್ಯಾರೇಜಲ್ಲಿ ನಿಲ್ಲಿಸೋದು ಪ್ರೀತಿ ಅಂತ ಕೆಲವರು ತಿಳ್ಕೊಂಡಿದಾರೆ, ಶಾಖ ಜಾಸ್ತಿಯಾದಷ್ಟೂ ಉಪ್ಪಿನ ಕೆಲಸ ಜೋರು. ಗಾಳಿ ಆಡೋ ಶೆಡ್ಡು, ಇಲ್ಲಾ ಬರೀ ಸೂರು ಸಾಕು. ಒದ್ದೆ ಗಾಡಿ ಮೇಲೆ ಪ್ಲಾಸ್ಟಿಕ್ ಹೊದಿಕೆ ಅಂತೂ ಹಾಕ್ಲೇಬೇಡಿ.

ಡಿಕ್ಕೀಲಿ ಇರಬೇಕಾದ್ದು: ಫ್ಯಾನ್ ಬೆಲ್ಟು, ಪಾಯಿಂಟು, ಕಂಡೆನ್ಸರು, ರೋಟರ್ ಆರ್ಮು, 35 ಆಂಪ್ ಫ್ಯೂಸು, ಟಾರ್ಚು, ಟೋ ಹಗ್ಗ, ಸಣ್ಣ ಸಲಿಕೆ, ಕಂಬಳಿ, ತಿಂಡಿ. ಜೊತೆಗೆ ಹಳೇ ಕಾರ್ಪೆಟ್ ತುಂಡು ಎರಡು, ಚಕ್ರ ಜಾರಿದಾಗ ಅದರ ಕೆಳಗೆ ತುರುಕೋಕೆ.

ಮಾರ್ಚ್ ಕೊನೆ

ಉಪ್ಪಿನ ಲಾರಿಗಳು ನಿಂತು, ಮೇಲೆ ಎರಡು ಮೂರು ಜೋರು ಮಳೆ ಬಿದ್ದು ರಸ್ತೆ ತೊಳೆದ್ಮೇಲೆ ಗಾಡಿನ ಎತ್ತಿ ಇಡೀ ತಳ ಮತ್ತೆ ತೊಳೀರಿ. ವ್ಯಾಕ್ಸ್ ಎಲ್ಲಿ ಹೋಗಿದೆ, ಎಲ್ಲಿ ಕಂದು ಬಣ್ಣ ಇಣುಕ್ತಿದೆ ಅಂತ ಫೋಟೋ ತೆಗೆದಿಡಿ, ಹೋದ ವರ್ಷದ ಫೋಟೋ ಪಕ್ಕ ಇಟ್ಟು ನೋಡಿದ್ರೆ ಯಾವ ಜಾಗ ಹರಡ್ತಿದೆ ಗೊತ್ತಾಗತ್ತೆ. ಹೀಟರ್ ನಲ್ಲಿ ಮುಚ್ಚಿ, ಏರ್ ಫಿಲ್ಟರ್ ಮೂತಿ ವಾಪಸ್ ತಿರುಗಿಸಿ. ವೆಲ್ಡಿಂಗ್ ಬೇಕಿದ್ರೆ ಏಪ್ರಿಲಲ್ಲೇ ಹೇಳಿಡಿ, ಹಳೇ ಗಾಡಿಯ ತಗಡು ಕೆಲಸ ಸರಿಯಾಗಿ ಬಲ್ಲವರು ಕಮ್ಮಿ, ಆಗಸ್ಟಲ್ಲಿ ಫೋನ್ ಮಾಡಿದ್ರೆ ಕ್ರಿಸ್ಮಸ್ ಆದ್ಮೇಲೆ ತನ್ನಿ ಅಂತಾರೆ.